ಹದಿನಾಲ್ಕು ಜನರ ಐನೂರ ಅರವತ್ತು ಗುರುತುಗಳು

ಮನಶ್ಶಾಸ್ತ್ರ ವಿಭಾಗದ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ ಒಂದು ಕಿರಿದಾದ ಕೋಣೆ. ಹಿಂದೆ ಅಲ್ಲಿ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿಡುತ್ತಿದ್ದರು. ಈಗ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು, ಗೋಡೆಯುದ್ದಕ್ಕೂ ಕಡತಗಳ ಕಪಾಟು. ಸಂಶೋಧನೆ ಮಾಡುವವರು ತಮ್ಮ ಅಂಕಿಅಂಶ ಹಿಡಿದುಕೊಂಡು ಇಲ್ಲಿಗೆ ಬಂದು, ಅದಕ್ಕೆ ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆ ಹಾಕಬೇಕೆಂದು ಕೇಳಿ ತಿಳಿದುಕೊಂಡು ಹೋಗುತ್ತಾರೆ. ಹೇಳುವವಳು ಜೋಡಿಯಕ್ಕ.

ಅದು ಮನೆಯವರು ಇಟ್ಟ ಹೆಸರಲ್ಲ. ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವಳು "ಜೋಡಿನೋ, ಬಿಡಿನೋ?" ಎಂದು ಕೇಳುತ್ತಿದ್ದಳು. ಅಂದರೆ, ಹೋಲಿಸುತ್ತಿರುವುದು ಅದೇ ಜನರ ಮೊದಲಿನ ಮತ್ತು ಆಮೇಲಿನ ಅಂಕಗಳನ್ನೋ, ಇಲ್ಲಾ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುಂಪುಗಳನ್ನೋ ಎಂದು. ಆಮೇಲೆ ಇನ್ನೆರಡು ಪ್ರಶ್ನೆ. ಗುಂಪು ಎಷ್ಟು? ಅಳೆದದ್ದು ಅಂಕವೋ, ದರ್ಜೆಯೋ, ಬರೀ ಹೌದು-ಇಲ್ಲವೋ? ಇಷ್ಟಕ್ಕೆ ನೇರ ಉತ್ತರ ಸಿಕ್ಕರೆ ಮುಕ್ಕಾಲು ದಾರಿ ಸವೆದಂತೆ. ವಿದ್ಯಾರ್ಥಿಗಳು ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಮದುವೆ ಮಾಡಿಸುವವರ ಹೆಸರಿನ ಹಾಗಿದೆ ಎಂದು ಟೈಲರಾಗಿದ್ದ ಅವಳ ಗಂಡ ನಗುತ್ತಿದ್ದ.

ಅವಳು ಈ ವಿದ್ಯೆಯನ್ನು ಓದಿ ಬಂದವಳಲ್ಲ. ವಿಭಾಗಕ್ಕೆ ಸೇರಿದ್ದು ಟೈಪಿಸ್ಟಾಗಿ. ಹನ್ನೊಂದು ವರ್ಷ ಬೇರೆಯವರ ಪ್ರಬಂಧಗಳನ್ನು ಟೈಪು ಮಾಡಿದಳು. "ಕೈ ವರ್ಗ ಪರೀಕ್ಷೆ" ಎಂದು ಮೊದಲ ಸಲ ಬೆರಳಚ್ಚಿಸುವಾಗ, ಕೈ ಎಂಬುದು ಒಂದು ಗ್ರೀಕ್ ಅಕ್ಷರ ಎಂದು ತಿಳಿಯದೆ, ಅದು ಬಲಗೈ ಎಡಗೈಗೆ ಸಂಬಂಧಪಟ್ಟ ವಿಷಯವಿರಬೇಕು ಎಂದುಕೊಂಡಿದ್ದಳು. ಒಂದು ದಿನ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಒಂದು ಪ್ರಬಂಧದ ಹಾಳೆಗಳನ್ನು ಕೊಡುತ್ತಾ, ಇಲ್ಲಿ ಪರೀಕ್ಷೆ ಬರೆದ ಮೂವತ್ತು ಮಕ್ಕಳೇ ಮತ್ತೆ ಬರೆದಿದ್ದಾರಲ್ಲ, ಅರವತ್ತು ಮಕ್ಕಳು ಎಂದು ಯಾಕೆ ಹಾಕಿದ್ದಾರೆ ಎಂದು ಕೇಳಿಬಿಟ್ಟಳು. ಮೇಷ್ಟ್ರು ಕನ್ನಡಕ ತೆಗೆದು ಅವಳ ಮುಖ ನೋಡಿದರು. ಮಾರ್ಗದರ್ಶಕರ ಕಣ್ಣಿಗೂ ಬೀಳದ ತಪ್ಪು ಅದು. ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಪಾಠ ಶುರುವಾಯಿತು. ಎರಡು ವರ್ಷ ನಡೆಯಿತು. ಮೇಷ್ಟ್ರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕೆಲಸ ಮಾತ್ರ ತಾನಾಗಿಯೇ ಅವಳ ಮೇಜಿಗೆ ಬಂತು.

ಮೇಷ್ಟ್ರು ಹೋದ ಮೂರನೇ ವರ್ಷ, ಪ್ರಬಂಧಗಳ ಗಡುವು ಹತ್ತಿರವಾಗಿದ್ದ ಒಂದು ವಾರ, ದೊಡ್ಡಾಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಬ್ಬಳು ಬಂದಳು. ಪಾರ್ಶ್ವವಾಯು ಬಡಿದು ಚೇತರಿಸಿಕೊಳ್ಳುತ್ತಿರುವವರ ವಾರ್ಡಿನಲ್ಲಿ ಅವಳ ಕೆಲಸ. ಹೇಳಿಕೊಟ್ಟ ವ್ಯಾಯಾಮವನ್ನು ರೋಗಿಗಳು ತಾವಾಗಿ ಮಾಡುತ್ತಿರಲಿಲ್ಲ. ಮಂಚದ ಎದುರು ಚಿತ್ರಗಳ ಚಾರ್ಟು ತೂಗುಹಾಕಿದರೆ ಮಾಡುತ್ತಾರೋ ಎಂದು ನೋಡಿದ್ದಳು. ಚಾರ್ಟಿಲ್ಲದೆ ಇಪ್ಪತ್ತು ದಿನ, ಚಾರ್ಟಿನೊಂದಿಗೆ ಇಪ್ಪತ್ತು ದಿನ, ಮಾಡಿದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ಎಲ್ಲ ರೋಗಿಗಳದೂ ಸೇರಿ ಮೊದಲು ಇನ್ನೂರ ಎಂಬತ್ತರಲ್ಲಿ ನೂರ ಇಪ್ಪತ್ತಾರು ಸರಿ, ಆಮೇಲೆ ಇನ್ನೂರ ಎಂಬತ್ತರಲ್ಲಿ ನೂರ ಐವತ್ತನಾಲ್ಕು.

ಜೋಡಿಯಕ್ಕ ಎಂದಿನಂತೆ ಕೇಳಿದಳು. ಒಂದೊಂದು ದಿನದ ಗುರುತೂ ಬೇರೆ ಬೇರೆ, ಹಾಗಾಗಿ ಬಿಡಿ ಎಂದಳು ಆಕೆ. ಬಾಗಿಲ ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಹೌದು-ಇಲ್ಲ, ಎರಡು ಗುಂಪು, ಬಿಡಿ: ಅಂಥ ಎಣಿಕೆಗಳನ್ನು ಹೋಲಿಸುವ ಕೈ ವರ್ಗ ಪರೀಕ್ಷೆ. ನೂರಕ್ಕೆ ಎರಡು ಸಲವೂ ಆಕಸ್ಮಿಕವಾಗಿ ಬರಲಾರದಷ್ಟು ವ್ಯತ್ಯಾಸ ಎಂದು ಉತ್ತರ ಬಂತು. ಫಿಸಿಯೋ ಸಂತೋಷದಿಂದ ಹೋದಳು. ಒಂದು ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ಕಡತ ಕಪಾಟು ಸೇರಿತು.

ಐದು ವರ್ಷ ಕಳೆಯಿತು. ಜೋಡಿಯಕ್ಕನ ಅತ್ತೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬಚ್ಚಲಲ್ಲೇ ಕುಸಿದರು. ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಜೀವಕ್ಕೆ ಅಪಾಯವಿಲ್ಲ ಎಂದ ಮೇಲೆ ಅವರನ್ನು ಅದೇ ವಾರ್ಡಿಗೆ ಕಳಿಸಿದರು. ಮಂಚದ ಎದುರು ಚಾರ್ಟು ತೂಗುತ್ತಿತ್ತು: ಕೈ ಎತ್ತುವ, ಮುಷ್ಟಿ ಬಿಗಿಯುವ, ಮಂಡಿ ಮಡಚುವ ಹೆಂಗಸಿನ ಎಂಟು ಚಿತ್ರ. ಜೋಡಿಯಕ್ಕ ದಿನಾ ಸಂಜೆ ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದಳು. ಅತ್ತೆ ಗೋಡೆ ಕಡೆ ನೋಡುತ್ತಲೇ ಇರಲಿಲ್ಲ. ಯಾಕೆ ಮಾಡುವುದಿಲ್ಲ ಎಂದು ಒಂದು ದಿನ ಕೇಳಿದಳು.

"ಆ ಚಿತ್ರದವಳು ನಾನು ಬಂದಾಗಿಂದ ಕೈ ಎತ್ಕೊಂಡೇ ಇದಾಳೆ. ಅವಳಿಗೇ ಏನೂ ಆಗ್ಲಿಲ್ಲ, ನಂಗೇನಾಗತ್ತೆ?" ಎಂದರು ಅತ್ತೆ.

ಪಕ್ಕದ ಮಂಚದವರೂ ಮಾಡುತ್ತಿರಲಿಲ್ಲ. ಸಂಜೆ ಯಾರೂ ಬಂದು ಮಾಡಿಸುವುದಿಲ್ಲವೇ ಎಂದು ಜೋಡಿಯಕ್ಕ ನರ್ಸನ್ನು ವಿಚಾರಿಸಿದಳು. ನರ್ಸು ಹಳಬಳು, ಕೈಯಲ್ಲಿದ್ದ ಕೆಲಸ ಬಿಡದೆಯೇ ಹೇಳಿದಳು.

"ಮುಂಚೆ ನಾವೇ ಒಂದೊಂದು ಮಂಚಕ್ಕೂ ಹೋಗಿ ಹತ್ತು ನಿಮಿಷ ಮಾಡಿಸ್ತಿದ್ವಿ. ಚಾರ್ಟೇ ಸಾಕು ಅಂತ ಲೆಕ್ಕ ಹಾಕಿ ಸಾಬೀತು ಮಾಡಿದಾರಂತಲ್ಲ. ಅದಕ್ಕೆ ಸಂಜೆ ಪಾಳಿಯಲ್ಲಿ ಇಬ್ಬರನ್ನ ಕಮ್ಮಿ ಮಾಡಿದ್ರು."

ಜೋಡಿಯಕ್ಕ ಅತ್ತೆಯ ಎಡಗೈ ಹಿಡಿದು, ಚಾರ್ಟು ನೋಡಿಕೊಂಡು, ಎಂಟೂ ವ್ಯಾಯಾಮ ಮಾಡಿಸಿದಳು. ಲೆಕ್ಕ ತಪ್ಪೆಂದು ಇನ್ನೂ ಗೊತ್ತಿರಲಿಲ್ಲ. ಆದರೆ ಲೆಕ್ಕ ತನ್ನದೆಂದು ಗೊತ್ತಿತ್ತು.

ಭಾನುವಾರ ಬೆಳಗ್ಗೆ ವಿಭಾಗದ ಕಾವಲುಗಾರನಿಂದ ಬೀಗ ತೆಗೆಸಿ ಕಡತ ಹುಡುಕಿದಳು. ಕೊನೆಯಲ್ಲಿ ಪಿನ್ನು ಹಾಕಿದ್ದ ಮೂಲ ಹಾಳೆಗಳಿದ್ದವು. ಅಂದು ಅವನ್ನು ಮಗುಚಿ ನೋಡಿರಲೇ ಇಲ್ಲ. ಈಗ ನೋಡಿದಳು. ಗುರುತುಗಳು ಐನೂರ ಅರವತ್ತು, ಜನ ಹದಿನಾಲ್ಕು. ಒಬ್ಬೊಬ್ಬರದೂ ನಲವತ್ತು ಗುರುತು. ಸೋಮಾರಿ ನಲವತ್ತು ದಿನವೂ ಸೋಮಾರಿಯೇ, ಚುರುಕಿನವನು ನಲವತ್ತು ದಿನವೂ ಚುರುಕೇ. ಒಬ್ಬನನ್ನೇ ನಲವತ್ತು ಸಲ ಕೇಳಿ ನಲವತ್ತು ಜನರ ಅಭಿಪ್ರಾಯ ಎಂದು ಹೇಳಿದಂತಾಗಿತ್ತು. ದಿನಗಳು ಬಿಡಿಯಾದರೂ ಜನ ಜೋಡಿ.

ಒಬ್ಬೊಬ್ಬರಿಗೆ ಒಂದೊಂದೇ ಸಂಖ್ಯೆ ಬರೆದಳು: ಚಾರ್ಟು ಬಂದ ಮೇಲೆ ಎಷ್ಟು ದಿನ ಹೆಚ್ಚಿತು, ಎಷ್ಟು ಕಮ್ಮಿಯಾಯಿತು. ಒಬ್ಬರಿಗೆ ಹದಿನೇಳು ದಿನ ಹೆಚ್ಚಿತ್ತು, ಇನ್ನೊಬ್ಬರಿಗೆ ಹದಿನಾಲ್ಕು. ಐದು ಜನರಿಗೆ ಒಂದೋ ಎರಡೋ ಹೆಚ್ಚು, ಐದು ಜನರಿಗೆ ಒಂದೋ ಎರಡೋ ಕಮ್ಮಿ, ಇಬ್ಬರಿಗೆ ಇದ್ದಷ್ಟೇ. ಹದಿನಾಲ್ಕು ಜನರ ಫಲಿತಾಂಶ ಎಂದು ಅಚ್ಚಾಗಿದ್ದು ಇಬ್ಬರ ಕಥೆ. ಸಂಖ್ಯೆಗಳು ಹೀಗೆ ಓರೆಯಾಗಿರುವುದರಿಂದ ಸರಾಸರಿ ಬಿಟ್ಟು, ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ದರ್ಜೆಯಲ್ಲಿ ಜೋಡಿಸಿ ನೋಡುವ ವಿಲ್ಕಾಕ್ಸನ್ ಪರೀಕ್ಷೆ ಹಾಕಿದಳು. ಚಾರ್ಟಿನಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ನೂರಕ್ಕೆ ಎಪ್ಪತ್ತೈದು ಸಲ ಬರಬಹುದಿತ್ತು. ಚಾರ್ಟು ಕೆಲಸಕ್ಕೆ ಬಾರದ್ದು ಎಂದು ಇದರ ಅರ್ಥವಲ್ಲ. ಕೆಲಸ ಮಾಡುತ್ತದೆ ಎನ್ನಲು ಆಧಾರವಿಲ್ಲ, ಅಷ್ಟೆ.

ಸೋಮವಾರ ವಿಭಾಗದ ಮುಖ್ಯಸ್ಥರಿಗೆ ಹೇಳಿದಳು. ಅವರು ಕೇಳಿಸಿಕೊಂಡು, ಐದು ವರ್ಷದ ಹಿಂದಿನದು, ಸತ್ತ ಹಾವನ್ನು ಮತ್ತೆ ಯಾಕೆ ಹೊಡೆಯುತ್ತೀರಿ, ವಿಭಾಗದ ಹೆಸರೂ ಕೆಡುತ್ತದೆ ಎಂದರು.

"ಸತ್ತಿಲ್ಲ ಸರ್," ಎಂದಳು ಅವಳು. "ಆ ವಾರ್ಡಲ್ಲಿ ಇನ್ನೂ ಓಡಾಡ್ತಾ ಇದೆ."

ಮುಖ್ಯಸ್ಥರು ಬೇಡವೆನ್ನಲೂ ಇಲ್ಲ, ಸರಿಯೆನ್ನಲೂ ಇಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಫಿಸಿಯೋ ಈಗ ಆ ವಾರ್ಡಿನ ಮುಖ್ಯಸ್ಥೆ. ಬಡ್ತಿಗೆ ಆ ಲೇಖನವೂ ಒಂದು ಕಾರಣವಾಗಿತ್ತು. ಜೋಡಿಯಕ್ಕ ಎರಡು ಹಾಳೆ ಮುಂದಿಟ್ಟು ವಿವರಿಸಿದಳು. ಆಕೆ ಕೊನೆಯ ಅಂಕಿಯ ಮೇಲೆ ಬೆರಳಿಟ್ಟಳು.

"ಅವತ್ತು ಸರಿ ಅಂದವರು ನೀವೇ."

"ಹೌದು, ನಾನೇ. ನೀವು ಬಿಡಿ ಅಂದ್ರಿ, ನಾನು ನಂಬಿಬಿಟ್ಟೆ. ಹಿಂದಿನ ಹಾಳೆ ತಿರುಗಿಸಿ ನೋಡಬೇಕಾಗಿದ್ದು ನಾನು. ತಪ್ಪು ನಂದು ಅಂತ ಪತ್ರಿಕೆಗೂ ಬರೀತೀನಿ."

"ನೀವು ಬರೀತೀರಿ. ಜನ ಆಡಿಕೊಳ್ಳೋದು ನನ್ನನ್ನ," ಎಂದು ಆಕೆ ಹಾಳೆಗಳನ್ನು ಹಿಂದಕ್ಕೆ ತಳ್ಳಿದಳು.

ಜೋಡಿಯಕ್ಕ ಸಪ್ಪೆ ಮುಖ ಹೊತ್ತು ಬಂದಳು. ಎರಡು ವಾರ ಏನೂ ನಡೆಯಲಿಲ್ಲ. ಸಂಜೆ ಅತ್ತೆಗೆ ವ್ಯಾಯಾಮ ಮಾಡಿಸುವಾಗ ಪಕ್ಕದ ಮಂಚದವರಿಗೂ ಮಾಡಿಸತೊಡಗಿದ್ದಳು. ಒಂದು ಸಂಜೆ ಫಿಸಿಯೋ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಹಾಗಾದರೆ ಸರಿಯಾಗಿ ಹೇಗೆ ಮಾಡಬೇಕು, ಹೇಳಿ ಎಂದಳು.

ಈ ಸಲ ಗುರುತು ಹಾಕುವ ಮೊದಲೇ ಇಬ್ಬರೂ ಕೂತು ಎಲ್ಲವನ್ನೂ ಬರೆದುಕೊಂಡರು. ಇಪ್ಪತ್ನಾಲ್ಕು ರೋಗಿಗಳು. ಒಬ್ಬೊಬ್ಬರಿಗೂ ಎರಡು ವಾರ ಬರೀ ಚಾರ್ಟು, ಎರಡು ವಾರ ಚಾರ್ಟಿನ ಜೊತೆಗೆ ಸಂಜೆ ನರ್ಸಿನ ಭೇಟಿ. ದಿನ ಕಳೆದಂತೆ ರೋಗಿ ತಾನಾಗಿಯೇ ಚೇತರಿಸಿಕೊಳ್ಳುತ್ತಾನಲ್ಲ, ಅದು ಭೇಟಿಯ ಖಾತೆಗೆ ಹೋಗಬಾರದೆಂದು ಅರ್ಧ ಜನರಿಗೆ ಮೊದಲು ಚಾರ್ಟು, ಅರ್ಧ ಜನರಿಗೆ ಮೊದಲು ಭೇಟಿ. ಸಂಜೆ ನರ್ಸಿನ ಎದುರು ಮಾಡಿದ್ದು ಎಣಿಕೆಗಿಲ್ಲ. ಬೆಳಗ್ಗೆ ಯಾರೂ ಹೇಳದೆ ಮಾಡಿದ್ದಷ್ಟೇ. ಕೊನೆಗೆ ಒಬ್ಬರಿಂದ ಒಂದೇ ವ್ಯತ್ಯಾಸ. ಯಾವ ಪರೀಕ್ಷೆ ಎಂಬುದನ್ನೂ ಆಗಲೇ ಬರೆದು ಇಬ್ಬರೂ ಸಹಿ ಹಾಕಿದರು.

ಅತ್ತೆಯನ್ನು ಸೇರಿಸಲಿಲ್ಲ. ಸೊಸೆಯ ಮುಖ ನೋಡಿ ಮಾಡಿಬಿಡುತ್ತಾರೆ ಎಂಬುದು ಜೋಡಿಯಕ್ಕನ ವಾದ. "ಇಷ್ಟು ದಿನ ಬಿದ್ಕೊಂಡಿದೀನಿ, ನಾನು ಲೆಕ್ಕಕ್ಕಿಲ್ವಾ?" ಎಂದು ಅತ್ತೆ ಮುನಿಸಿಕೊಂಡು ಒಂದು ದಿನ ಮಾತು ಬಿಟ್ಟರು. ಆ ಸಿಟ್ಟಿಗೋ ಏನೋ, ಬೆಳಗ್ಗೆ ತಾವೇ ಕೈ ಎತ್ತಲು ಶುರುಮಾಡಿದರು. ಫಲಿತಾಂಶ ಬರುವಷ್ಟರಲ್ಲಿ ಕೋಲು ಹಿಡಿದು ಮನೆ ಸೇರಿದ್ದರು.

ಎಂಟು ತಿಂಗಳು ಹಿಡಿಯಿತು. ಭೇಟಿಯ ವಾರಗಳಲ್ಲಿ ಹತ್ತೊಂಬತ್ತು ಜನ ಹೆಚ್ಚು ದಿನ ಮಾಡಿದ್ದರು, ಮೂವರು ಕಮ್ಮಿ, ಇಬ್ಬರು ಸಮ. ಸಾವಿರಕ್ಕೊಂದು ಸಲವೂ ಆಕಸ್ಮಿಕವಾಗಿ ಬರಲಾರದ ವ್ಯತ್ಯಾಸ, ಅದೂ ಹೆಚ್ಚುಕಮ್ಮಿ ಎಲ್ಲರಲ್ಲಿ ಹಂಚಿಕೊಂಡದ್ದು. ಫಿಸಿಯೋ ತಾನೇ ಅದನ್ನು ಆಸ್ಪತ್ರೆಯ ಸಭೆಯಲ್ಲಿ ಓದಿದಳು, ಹಳೆಯ ಲೇಖನ ತಪ್ಪು ಎಂಬ ಮಾತನ್ನೂ ಸೇರಿಸಿ. ಸಂಜೆ ಪಾಳಿಗೆ ಇಬ್ಬರು ಬೇಕೆಂದು ಕೇಳಿದಳು. ಒಬ್ಬಳನ್ನು ಕೊಟ್ಟರು. ಪತ್ರಿಕೆಯಲ್ಲಿ ತಿದ್ದುಪಡಿ ಕಾಲು ಪುಟದಷ್ಟು ಬಂತು, ಕೆಳಗೆ ಇಬ್ಬರ ಹೆಸರೂ ಇತ್ತು.

ಆಮೇಲೆ ಜೋಡಿಯಕ್ಕ ಕಪಾಟಿನ ಉಳಿದ ಕಡತಗಳನ್ನು ಇಳಿಸಿದಳು. ವಾರಕ್ಕೆರಡರಂತೆ, ಹಿಂದಿನ ಹಾಳೆಯಿಂದ ಶುರುಮಾಡಿ ನೋಡಿದಳು. ಅಂಥವೇ ಇನ್ನೆರಡು ಸಿಕ್ಕವು. ಇಬ್ಬರಿಗೂ ಪತ್ರ ಬರೆದಳು. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬಳು, ಮಕ್ಕಳ ಓದಿನ ಮೇಲೆ ಕೆಲಸ ಮಾಡಿದ್ದ ಶಾಲಾ ಶಿಕ್ಷಕಿ, ಪತ್ರ ಕೈಯಲ್ಲೇ ಹಿಡಿದು ಮೂರು ಮಹಡಿ ಹತ್ತಿ ಬಂದಳು. ಜಗಳಕ್ಕೇ ಬಂದಿದ್ದಳು, ಏದುಸಿರಿನಲ್ಲಿ ಮಾತು ಹೊರಡಲಿಲ್ಲ. ಜೋಡಿಯಕ್ಕ ನೀರು ಕೊಟ್ಟು, ಕೂರಿಸಿ, ಒಂದೇ ತರಗತಿಯ ಮಕ್ಕಳನ್ನು ಬಿಡಿಬಿಡಿಯಾಗಿ ಎಣಿಸಿದ್ದನ್ನು ಬಿಟ್ಟು ತರಗತಿಗೊಂದೇ ಸಂಖ್ಯೆ ಇಟ್ಟುಕೊಂಡು ಅವಳೆದುರೇ ಮತ್ತೆ ಲೆಕ್ಕ ಹಾಕಿದಳು. ವ್ಯತ್ಯಾಸ ಸ್ವಲ್ಪ ತಗ್ಗಿತು, ಆದರೆ ಉಳಿದುಕೊಂಡಿತು. ಶಿಕ್ಷಕಿ ಹಾಳೆಯನ್ನು ಎರಡು ಸಲ ಓದಿ ಮಡಚಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ವರ್ಷ ಇನ್ನೂ ಆರು ತರಗತಿ ಸೇರಿಸಬೇಕೆಂದಿದ್ದೇನೆ, ಯಾವಾಗ ಬರಲಿ ಎಂದು ಕೇಳಿದಳು.