ಎಳ್ಳು ಹಾಕದ ಡಬ್ಬಿ

ಆಗಸ್ಟ್ 9, ಶನಿವಾರ. ಬೆಳಿಗ್ಗೆ 6.40ಕ್ಕೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಅವರ ರೆಪ್ಪೆಗೂದಲು ಯಾವಾಗಲೂ ಬೆಳ್ಳಗಿರುತ್ತಿತ್ತು. ವಯಸ್ಸಿನಿಂದಲ್ಲ, ಹಿಟ್ಟಿನಿಂದ. ಹಣೆಯ ವಿಭೂತಿಯೂ ರಾಗಿ ಹಿಟ್ಟೂ ಮಧ್ಯಾಹ್ನದ ಹೊತ್ತಿಗೆ ಒಂದಾಗಿಬಿಡುತ್ತಿದ್ದವು. ಸಂಜೆ ಮಿಲ್ಲು ನಿಲ್ಲಿಸಿ ಮುಖ ತೊಳೆದುಕೊಂಡರೆ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಮೆಣಸಿನಕಾಯಿ ಬೀಸುವ ದಿನ ನಮ್ಮ ಬೀದಿಯಲ್ಲಿ ಎಲ್ಲರೂ ಸೀನುತ್ತಿದ್ದರು. ಅವರು ಮಾತ್ರ ಸೀನಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅವರ ಹಿಟ್ಟಿನ ಮಿಲ್ಲು. ನೆಂಟರೇನಲ್ಲ, ಆದರೂ ನಮಗೆಲ್ಲ ಮಿಲ್ಲಿನ ದೊಡ್ಡಮ್ಮ. ಹುಟ್ಟಿದ್ದು ಕುಣಿಗಲ್ ಕಡೆ. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಮಾರಿಬಿಡಿ ಎಂದು ತಮ್ಮ ಬಂದು ಹೇಳಿದಾಗ, "ಕಲ್ಲು ಕೊಯ್ಯೋದು ನಂಗ್ ಗೊತ್ತು, ನೀನ್ ಹೋಗಿ ಊಟ ಮಾಡು" ಎಂದರಂತೆ. ಸವೆದ ಬೀಸುಕಲ್ಲಿಗೆ ಉಳಿ ಹಿಡಿದು ಹೊಸದಾಗಿ ಗೀರು ಹಾಕುವ ಆ ಕೆಲಸವನ್ನು ಕೊನೆಯವರೆಗೂ ಅವರೇ ಮಾಡಿದರು.

ಖಾರದ ಪುಡಿಗೆ ಮಂಗಳವಾರ ಮತ್ತು ಶನಿವಾರ ಮಾತ್ರ. ಖಾರ ಮುಗಿದ ಮೇಲೆ ತಮ್ಮ ಮನೆಯ ಅಕ್ಕಿ ಎರಡು ಹಿಡಿ ಹಾಕಿ ಬೀಸಿ, ಆ ಕೆಂಪು ಹಿಟ್ಟನ್ನು ಚೆಲ್ಲಿ, ಆಮೇಲೆಯೇ ಮುಂದಿನವರ ರಾಗಿ. "ಒಬ್ರ ಮನೆ ಖಾರ ಇನ್ನೊಬ್ರ ಮುದ್ದೇಲಿ ಸಿಗಬಾರ್ದು ಕಣೇ" ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಜನ ಸಾಂಬಾರ್ ಪುಡಿಗೆ ಹುರಿದ ಸಾಮಾನನ್ನು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ನಮ್ಮ ಕಡೆ ಮದುವೆಗೆ ಕೊಡುವ ಡಬ್ಬಿಗಳ ಮುಚ್ಚಳದ ಮೇಲೆ ಗಂಡು ಹೆಣ್ಣಿನ ಹೆಸರು, ಊರು ಕೊರೆಸುತ್ತಾರಲ್ಲ, ಅಂಥವು. ದೊಡ್ಡಮ್ಮ ಅವನ್ನು ಸಾಲಾಗಿ ಇಡುವಾಗ ಪ್ರತಿಯೊಂದರ ಮುಚ್ಚಳವನ್ನೂ ಮಗುಚಿ, ಹೆಸರು ಒಳಗಾಗುವಂತೆ ಇಡುತ್ತಿದ್ದರು. ಯಾವುದು ಯಾರದೆಂದು ಅವರಿಗೆ ಗೊತ್ತಿರುತ್ತಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಯಾರ ಮನೇಲಿ ಏನ್ ತಿಂತಾರೆ ಅಂತ ಕ್ಯೂನಲ್ಲಿ ನಿಂತೋರಿಗೆಲ್ಲ ಯಾಕೆ?"

ನಾನು ಒಂಬತ್ತನೇ ತರಗತಿಯಿಂದ ಡೈರಿ ಬರೆಯುತ್ತೇನೆ, ಆದ್ದರಿಂದ ಮುಂದಿನದನ್ನು ನೆನಪಿನ ಮೇಲೆ ಬಿಟ್ಟಿಲ್ಲ. ಬಿ.ಕಾಂ. ಮುಗಿಸಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಸೇರಿದ್ದೆ. ಕೊನೆಯ ಪ್ರಾಜೆಕ್ಟಿನ ವಿಷಯ, ಸಣ್ಣ ವ್ಯಾಪಾರಕ್ಕೆ ಸೋಷಿಯಲ್ ಮೀಡಿಯಾದಿಂದ ಆಗುವ ಲಾಭ. ಅಷ್ಟು ಹೊತ್ತಿಗೆ ಜನ ಪ್ಯಾಕೆಟ್ ಪುಡಿಗೆ ಹೊರಳಿದ್ದರು. ಖಾರದ ಶನಿವಾರ ಎಪ್ಪತ್ತು ಡಬ್ಬಿ ಬರುತ್ತಿದ್ದ ಮಿಲ್ಲಿನಲ್ಲಿ ನಾನು ಎಣಿಸಿದ ದಿನ ಬಂದದ್ದು 34. ನಾನೇ ಹೋಗಿ ಕೇಳಿದೆ.

"ದೊಡ್ಡಮ್ಮಾ, ನಿಮ್ ಮಿಲ್ಲಿಗೆ ಒಂದು ಪೇಜ್ ಮಾಡ್ಲಾ? ರೀಲ್ಸ್ ಹಾಕಿದ್ರೆ ಜನ ನೋಡ್ತಾರೆ."

"ರಾಗಿ ಬೀಸೋದ್ನ ಯಾರೇ ನೋಡ್ತಾರೆ? ನಾನೇನ್ ಹೀರೋಯಿನ್ನಾ?"

"ನೋಡ್ತಾರೆ ದೊಡ್ಡಮ್ಮಾ."

"ನೋಡ್ದೋರು ರಾಗಿ ತರ್ತಾರಾ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಮ್ಮ ಕೋರ್ಸಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ನಕ್ಕೆ. ಅವರೂ ನಕ್ಕು, "ಆಯ್ತು ಬುಡು, ನಿನ್ ಪರೀಕ್ಷೆ ಪಾಸಾಗ್ಲಿ" ಎಂದರು.

ಎಂಟು ವಿಡಿಯೊ ಹಾಕಿದೆ. ಅತಿ ಹೆಚ್ಚು ಜನ ನೋಡಿದ್ದಕ್ಕೆ 212 ವ್ಯೂಸ್. ಒಂಬತ್ತನೆಯದಕ್ಕೆ ಒಂದು ಉಪಾಯ ಹೊಳೆಯಿತು. ಡಬ್ಬಿಯೊಳಗೆ ನೋಡಿಯೇ ಆ ಮನೆಯ ಸಮಾಚಾರವನ್ನು ದೊಡ್ಡಮ್ಮ ಒಮ್ಮೊಮ್ಮೆ ನನ್ನೊಬ್ಬಳಿಗೆ ಹೇಳುತ್ತಿದ್ದರು, ಅದನ್ನೇ ಫೋನಿನ ಮುಂದೆ ಹೇಳಿಸುವುದು. ಮೊದಲು ಬೇಡವೆಂದರು. ನಾನು ಬಿಡಲಿಲ್ಲ. ಶುರುವಾದ ಮೇಲೆ ಫೋನ್ ಇದೆ ಎನ್ನುವುದನ್ನೇ ಮರೆತರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಇದ್ರಲ್ಲಿ ಮೆಣಸಿನಕಾಯೇ ಇಲ್ಲ ನೋಡು, ಬರೀ ಕಾಳುಮೆಣಸು. ಯಜಮಾನ್ರು ಆಸ್ಪತ್ರೆಯಿಂದ ಬಂದವ್ರೆ." ಮುಂದಿನ ಡಬ್ಬಿಯಲ್ಲಿ ಕೈಯಾಡಿಸಿ, ಇನ್ನೊಮ್ಮೆ ಕೆದಕಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ಈ ಮನೇವ್ರು ಒಂದ್ ಹಿಡಿ ಎಳ್ಳು ಹಾಕ್ದೆ ಪುಡಿ ಮಾಡ್ಸಿದ್ದೇ ಇಲ್ಲ. ಈ ಸಲ ಒಂದ್ ಕಾಳೂ ಇಲ್ಲ. ಎಳ್ಳು ಉಷ್ಣ, ಬಸ್ರಿಗೆ ಆಗಲ್ಲ. ಸೊಸೆ ನೀರು ಹಾಕ್ಕೊಂಡಿಲ್ಲ ಅಂತ ಅರ್ಥ. ಏಳು ವರ್ಷ ಆಯ್ತು ಕಣೇ ಮದ್ವೆಯಾಗಿ. ಶಿವ ಕಣ್ ಬಿಟ್ಟ" ಎಂದರು. ಕಣ್ಣೊರೆಸಿಕೊಂಡಾಗ ರೆಪ್ಪೆಯ ಹಿಟ್ಟು ಕೆನ್ನೆಗೆ ಬಂತು.

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಮಗುಚಿಟ್ಟಿದ್ದ ಮುಚ್ಚಳದ ಒಳಮೈ ಮಂಕಾಗಿ ಕಾಣುತ್ತದೆಂದು ಅದನ್ನು ತಿರುಗಿಸಿ, ಹೊಳೆಯುವ ಮೈ ಮೇಲೆ ಮಾಡಿ, ಹತ್ತಿರದಿಂದ ಎರಡು ಸೆಕೆಂಡ್ ತೆಗೆದವಳು ನಾನು. ಗಂಡನ ಹೆಸರು, ಹೆಂಡತಿಯ ಹೆಸರು, ಊರು ಗುಬ್ಬಿ. ಎಲ್ಲ ಸ್ಪಷ್ಟವಾಗಿತ್ತು.

ಶನಿವಾರ ಸಂಜೆ ಹಾಕಿದೆ. ಮಂಗಳವಾರ ಬೆಳಿಗ್ಗೆ 48,000 ವ್ಯೂಸ್. ಹನ್ನೊಂದೂಕಾಲಿಗೆ ಗುಬ್ಬಿಯಿಂದ ಆ ಮನೆಯ ಅತ್ತೆ ಬಂದರು. ಅವರ ತವರು ನಮ್ಮ ಬೀದಿಯೇ, ಅದಕ್ಕೇ ಡಬ್ಬಿ ಇಲ್ಲಿಗೆ ಬರುತ್ತಿತ್ತು. ಚಪ್ಪಲಿ ಬಿಡದೆ ಒಳಗೆ ನಡೆದರು. ದೊಡ್ಡಮ್ಮ ಮಿಲ್ಲು ನಿಲ್ಲಿಸಿದರು.

"ಏನಕ್ಕಾ ಇದು? ನನ್ ಮಗಳಿಗೇ ನಾನ್ ಹೇಳಿರ್ಲಿಲ್ಲ. ಮೂರು ತಿಂಗ್ಳು ತುಂಬ್ಲಿ ಅಂತ ಬಾಯಿ ಹೊಲ್ಕೊಂಡು ಕೂತಿದ್ದೆ. ಈಗ ನೆಂಟ್ರ ಗ್ರೂಪಲ್ಲಿ ಕಂಗ್ರಾಟ್ಸ್ ಅಂತವ್ರೆ! ಹಾಲಿನೋನು ಸ್ವೀಟ್ ಎಲ್ಲಿ ಅಂತಾನೆ! ಹಿಂದೆ ಎರಡು ಸಲ ಹೋಗೈತೆ ಅಂತ ನಿಮಗ್ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು" ಎಂದರು ದೊಡ್ಡಮ್ಮ. "ತಪ್ಪಾಯ್ತು ಕಣಮ್ಮ. ಬಾಯಿ ಬಿಟ್ಟೋಳು ನಾನೇ."

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮುಚ್ಚಳ ತಿರುಗಿಸಿದವಳು ನಾನೆಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆಕೆ ಡಬ್ಬಿ ಎತ್ತಿಕೊಂಡು ಹೋದ ಮೇಲೆ ನನ್ನ ಕಡೆ ನೋಡದೆ, "ತೆಗ್ದಾಕ್ಬುಡು ಮಗಾ" ಎಂದರು. ಹ್ಞೂಂ ಎಂದೆ.

ತೆಗೆದದ್ದು ಶುಕ್ರವಾರ ಮಧ್ಯಾಹ್ನ 3.20ಕ್ಕೆ. ಪ್ರಾಜೆಕ್ಟ್ ತೋರಿಸುವ ದಿನ ಶುಕ್ರವಾರವಾಗಿತ್ತು, ಅದಕ್ಕೆ ಕಾದೆ. ಆಗ 1,26,000 ವ್ಯೂಸ್. ಮಂಗಳವಾರದ ನಂತರದ ಎಪ್ಪತ್ತೆಂಟು ಸಾವಿರ ಸಂಪೂರ್ಣ ನನ್ನದು. ಪ್ರಾಜೆಕ್ಟಿಗೆ ಎ ಪ್ಲಸ್ ಬಂತು. ಅಷ್ಟರಲ್ಲಿ ಬೇರೆಯವರು ವಿಡಿಯೊ ಇಳಿಸಿಕೊಂಡು, ಹಿನ್ನೆಲೆಗೆ ಜೋಗುಳ ಸೇರಿಸಿ, ತಮ್ಮ ಪೇಜುಗಳಲ್ಲಿ ಹಾಕಿಕೊಂಡಿದ್ದರು.

ಅದಾಗಿ ಹತ್ತೊಂಬತ್ತನೇ ದಿನ ಸುದ್ದಿ ಬಂತು. ಗುಬ್ಬಿಯ ಮನೆಯಲ್ಲಿ ಈ ಸಲವೂ ಬಸಿರು ನಿಲ್ಲಲಿಲ್ಲ. ಹೀಗಾಗಲು ಇಂಥದೇ ಕಾರಣ ಬೇಕಿಲ್ಲ ಎಂದು ಡಾಕ್ಟರು ಹೇಳಿದರಂತೆ. ನಮ್ಮ ಬೀದಿ ಡಾಕ್ಟರನ್ನು ನಂಬಲಿಲ್ಲ. ದೃಷ್ಟಿಯಾಯಿತು ಎಂದಿತು. ಸಂಜೆ ದೊಡ್ಡಮ್ಮ ನನ್ನನ್ನು ಕರೆಸಿದರು. ಮುಖ ತೊಳೆದಿರಲಿಲ್ಲ.

"ಎಷ್ಟ್ ಜನ ನೋಡವ್ರೆ ಅಂದಿದ್ದೆ?"

"ಒಂದು ಲಕ್ಷದ ಇಪ್ಪತ್ತಾರು ಸಾವಿರ."

"ಕಣ್ಣು ಅಂದ್ರೆ ಅದರ ಎರಡ್ರಷ್ಟು" ಎಂದರು.

ದೃಷ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಆ ರಾತ್ರಿ ಡೈರಿಯಲ್ಲಿ ಗುಣಿಸಿ ಬರೆದಿದ್ದೇನೆ: 2,52,000.

ಮಾರನೇ ದಿನ ಒಬ್ಬರೇ ಗುಬ್ಬಿಗೆ ಹೋಗಿಬಂದರು. ಏನಾಯಿತೆಂದು ಕೇಳಿದೆ. "ನೀರು ಕೇಳ್ದೆ. ಕಿಟಕಿಯಿಂದ ಕೊಟ್ರು" ಎಂದರು. ಅಷ್ಟೇ.

ವಿಡಿಯೊ ನೋಡಿದವರು ಮಿಲ್ಲಿಗೆ ಬಂದದ್ದು ನಿಜ. ಹಾಕಿದ ಮರುವಾರದ ಶನಿವಾರವೇ 61 ಜನ. ಅವರಲ್ಲಿ ಬೀಸಿಸಲು ಬಂದವರು 9. ಉಳಿದವರು ಫೋನ್ ಹಿಡಿದು, "ಆಂಟಿ, ನಮ್ ಡಬ್ಬಿ ನೋಡಿ ಏನಾದ್ರೂ ಹೇಳಿ, ಪ್ಲೀಸ್" ಎಂದು ನಿಂತರು. ದೊಡ್ಡಮ್ಮ ಬೆನ್ನು ತಿರುಗಿಸಿದರು. ಸಂಜೆಯೊಳಗೆ ಪೇಜಿನಲ್ಲಿ ಹದಿನಾಲ್ಕು ಒಂಟಿ ಸ್ಟಾರುಗಳು. "ಓನರ್‌ಗೆ ಮಾತಾಡೋಕೆ ಬರಲ್ಲ" ಎಂದು ಒಬ್ಬರು ಬರೆದಿದ್ದರು.

ಬೀದಿಯ ಹಳೆಯ ಮನೆಗಳವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಯಾರೂ ಜಗಳವಾಡಲಿಲ್ಲ. ಎದುರಿಗೆ ಸಿಕ್ಕರೆ ನಗುತ್ತಿದ್ದರು, ಡಬ್ಬಿ ಮಾತ್ರ ತರುತ್ತಿರಲಿಲ್ಲ. ಬಂದ ಕೆಲವರಿಗೆ ದೊಡ್ಡಮ್ಮ, "ನೀವೇ ಸುರೀರಮ್ಮ" ಎಂದು ಮಿಲ್ಲಿನ ಬಾಯಿ ತೋರಿಸಿ, ಅವರು ಸುರಿದು ಮುಗಿಸುವವರೆಗೆ ಗೋಡೆಯ ಕಡೆ ನೋಡಿಕೊಂಡು ನಿಲ್ಲುತ್ತಿದ್ದರು. ಮೂವತ್ತು ವರ್ಷ ಕೈಯಾಡಿಸಿ, ಹುರಿದದ್ದು ಹಸಿಯಾಗಿದೆ, ಬಿಸಿಲಿಗೆ ಇನ್ನೊಂದು ದಿನ ಹಾಕು ಎಂದು ಹೇಳುತ್ತಿದ್ದವರು. ಐದು ತಿಂಗಳ ನಂತರದ ಖಾರದ ಶನಿವಾರದ ಲೆಕ್ಕ: 6 ಡಬ್ಬಿ. ಅದರಲ್ಲಿ ಒಂದು ನಮ್ಮ ಮನೆಯದು.

ಮಿಲ್ಲು ಮಾರಿ ಕುಣಿಗಲ್‌ಗೆ, ತಮ್ಮನ ಮನೆಗೆ ಹೋದರು. ಹೋಗುವ ದಿನ ನಾನು ಅತ್ತುಬಿಟ್ಟೆ. ತಲೆ ಸವರಿ, "ಪಾಸಾದೆ ಅಲ್ವಾ? ಸಾಕು ಬುಡು" ಎಂದರು. ಅವರು ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಕಳೆದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ತೊಳೆದ ಮುಖದಲ್ಲಿ ರೆಪ್ಪೆಗಳು ನಿಜವಾಗಿಯೇ ಬೆಳ್ಳಗಾಗಿದ್ದವು. ಗುಬ್ಬಿಯಿಂದ ಯಾರೂ ಬಂದಿರಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಆ ಪ್ರಾಜೆಕ್ಟಿನಿಂದ. ಸತ್ಯಮಂಗಲದ ಸಣ್ಣ ಕಾರ್ಖಾನೆಗಳಿಗೆ, ನಗರದ ಅಂಗಡಿಗಳಿಗೆ ಪೇಜ್ ನಡೆಸಿಕೊಡುವ ಆಫೀಸು. ಹೊಸ ಗಿರಾಕಿ ಬಂದಾಗಲೆಲ್ಲ ಮ್ಯಾನೇಜರ್, "ಆ ಮಿಲ್ಲಿನ ಗ್ರಾಫ್ ತೋರ್ಸಮ್ಮ" ಎನ್ನುತ್ತಾರೆ. ಇಲ್ಲಿಯವರೆಗೆ 23 ಸಲ ತೋರಿಸಿದ್ದೇನೆ. ಗೆರೆ ಶನಿವಾರದಿಂದ ಶುರುವಾಗಿ ನೆಟ್ಟಗೆ ಮೇಲಕ್ಕೆ ಹೋಗಿ, ಶುಕ್ರವಾರಕ್ಕೆ ನಿಲ್ಲುತ್ತದೆ. ಆಮೇಲೆ ಏನಾಯಿತೆಂದು ಯಾವ ಗಿರಾಕಿಯೂ ಕೇಳಿಲ್ಲ. ಸೋಮವಾರ ಇಪ್ಪತ್ನಾಲ್ಕನೆಯ ಸಲ ಕೇಳಿದಾಗ ತೋರಿಸುವುದಿಲ್ಲ ಎಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಆ ವಿಡಿಯೊವನ್ನು ಇದುವರೆಗೆ 31 ಕಡೆ ಹುಡುಕಿ, ಕಾಡಿ ಬೇಡಿ ತೆಗೆಸಿದ್ದೇನೆ. ನಾಲ್ಕು ಪೇಜಿನವರು ಉತ್ತರವನ್ನೇ ಕೊಟ್ಟಿಲ್ಲ. ಬೆಳ್ಳಗಿನ ರೆಪ್ಪೆಯ ಹೆಂಗಸೊಬ್ಬರು ಡಬ್ಬಿಯಲ್ಲಿ ಕೈಯಾಡಿಸುತ್ತಾ ಮಾತಾಡುವುದನ್ನು ನೀವು ಇನ್ನೆಲ್ಲಾದರೂ ಕಂಡರೆ, ಯಾರಿಗೂ ಕಳಿಸದೆ, ಎಲ್ಲಿ ಕಂಡಿರೆಂದು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ಗುಬ್ಬಿಯ ಆ ಸೊಸೆಯ ಬಗ್ಗೆ ಗೊತ್ತಿದ್ದವರು ದಯವಿಟ್ಟು ಏನನ್ನೂ ಬರೆಯಬೇಡಿ.