ಎತ್ತಬಾರದ ಪುಸ್ತಕ

ಕೋವಿಡ್ ತಣ್ಣಗಾದ ಮೇಲಿನ ಮಾತು. ಅಮೆರಿಕದ ರಾಲಿಗೆ ಬಂದು ನಾಲ್ಕು ವರ್ಷವಾಗಿದ್ದರೂ, ಗಂಡನ ವೀಸಾದ ಬಾಲ ಹಿಡಿದು ಬಂದ ನನಗೆ ಸಂಬಳದ ಕೆಲಸಕ್ಕೆ ಅನುಮತಿ ಇರಲಿಲ್ಲ. ಮನೆಯಲ್ಲಿ ಕೂತು ಕೂತು ಬಾಯಿ ಜೋರಾಗಿತ್ತು, ಬುದ್ಧಿ ಮೊಂಡಾಗಿತ್ತು. ಆಗ ಒಂದು ಕಾಲೇಜಿನ ಹಸ್ತಪ್ರತಿ ಸಂಗ್ರಹದಲ್ಲಿ ವಾರಕ್ಕೆರಡು ದಿನದ ವಾಲಂಟಿಯರ್ ಕೆಲಸ ಸಿಕ್ಕಿತು. ಹಳೆಯ ಕೈಬರಹ ಓದಿ ಕಂಪ್ಯೂಟರಿಗೆ ಇಳಿಸಬೇಕು. ಅದೂ ತಪ್ಪಿದರೆ ಮತ್ತೆ ಅದೇ ಸೋಫಾ, ಅದೇ ಗೋಡೆ.

ಅಲ್ಲಿದ್ದದ್ದೆಲ್ಲ ಕ್ವೇಕರರ ಬರಹ. ಅವರು ಕ್ರೈಸ್ತರೇ, ಆದರೆ ಪಾದ್ರಿಯಿಲ್ಲ, ಆರತಿ ಗಂಟೆಯಂಥ ಯಾವ ಗದ್ದಲವೂ ಇಲ್ಲ. ಎಲ್ಲರೂ ಸೇರಿ ಸುಮ್ಮನೆ ಕೂರುವುದೇ ಪ್ರಾರ್ಥನೆ. ನನಗಾದರೆ ಅದು ಶಿಕ್ಷೆ ಎಂದು ಗಂಡನ ಮುಂದೆ ನಗಾಡಿದ್ದೆ.

ಮೂರನೆಯ ವಾರ, ಎಪ್ಪತ್ತು ದಾಟಿದ ಮೇಲ್ವಿಚಾರಕಿ, ಅವರೂ ಕ್ವೇಕರರೇ, ಅಂಗೈಯಗಲದ ಪುಸ್ತಕವೊಂದನ್ನು ಮೆತ್ತನೆಯ ದಿಂಬಿನ ಮೇಲೆ ಮಲಗಿಸಿದರು. ಇನ್ನೂರು ವರ್ಷದ ಹಿಂದಿನ ರೈತ ಹೆಂಗಸೊಬ್ಬಳ ಪದ್ಯಗಳು. “ಪುಟ ತಿರುವಿ. ಪುಸ್ತಕ ಮಾತ್ರ ಎತ್ತಬೇಡಿ,” ಎಂದು ಹೇಳಿ ಹೋದರು.

ಬೆಣ್ಣೆ ಕಡೆದದ್ದು, ಹಿಮ ಬಿದ್ದದ್ದು, ಎಲ್ಲವೂ ಪದ್ಯ. ನಡುವೆ ಒಂದು ಪುಟದಲ್ಲಿ ಮಗಳ ಸಾವು. ಗೋರಿಗೆ ಕಲ್ಲು ನೆಡುವುದು ಆಗ ಅವರ ಪದ್ಧತಿಯಲ್ಲ. ಹುಲ್ಲು ಬೆಳೆದರೆ ಆ ಜಾಗ ತನಗೂ ಗೊತ್ತಾಗದು, ಅದಕ್ಕೇ ಅವಳನ್ನು ಇಲ್ಲಿ, ಈ ಪುಟದಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ತಾಯಿ ಬರೆದಿದ್ದಳು. ಕೆಳಗೆ, ಎಂದೋ ಆಟಕ್ಕೆ ಮಗುವಿನ ಕೈ ಇಡಿಸಿ ಸುತ್ತ ಎಳೆದ ಶಾಯಿಯ ಗೆರೆ. ಐದು ಪುಟ್ಟ ಬೆರಳು.

ಪಠ್ಯಪುಸ್ತಕ ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಎರಡೂ ಕೈಯಲ್ಲಿ ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡೇಬಿಟ್ಟೆ.

ತಲೆಯೆತ್ತಿದರೆ ಮೇಲ್ವಿಚಾರಕಿ ಎದುರಿಗೇ ಇದ್ದರು. ಪುಸ್ತಕ ತೆಗೆದುಕೊಂಡು, ಒದ್ದೆಯಾಗಿದೆಯೇ ಎಂದು ಪುಟ ಪರೀಕ್ಷಿಸಿ, “ಇವತ್ತಿಗೆ ಸಾಕು,” ಎಂದರು.

ಮನೆಗೆ ಬಂದು ಹೇಳಿದರೆ ಗಂಡ ಬಿದ್ದು ಬಿದ್ದು ನಕ್ಕ. “ಅಲ್ಲ ಕಣೇ, ಅಲ್ಲೂ ಸರಸ್ವತಿ ಪೂಜೆ ಮಾಡಿಬಿಟ್ಯಾ? ಒಂದು ಈಮೇಲ್ ಹಾಕಿ ಅಪಾಲಜೈಸ್ ಮಾಡು.”

“ತೆಗೆದುಹಾಕೋದಾದ್ರೆ ಹಾಕ್ಲಿ ಬಿಡಿ, ನಂಗೇನು,” ಎಂದೆ. ಹೇಳುವುದಕ್ಕೆ ಹೇಳಿದೆ, ರಾತ್ರಿ ಊಟ ಸೇರಲಿಲ್ಲ.

ಮುಂದಿನ ಸರದಿಗೆ ಹೋದಾಗ ನನ್ನ ಮೇಜು ಖಾಲಿಯಿತ್ತು. ಕೆಲಸ ಹೋಯಿತು ಎಂದುಕೊಂಡೆ. ಮೇಲ್ವಿಚಾರಕಿ ಬಂದು ಎದುರು ಕೂತು, “ಅವತ್ತು ನೀವು ಮಾಡಿದ್ದು ಏನು?” ಎಂದು ಕೇಳಿದರು.

“ತಪ್ಪಾಯಿತು. ನಮಗಿಂತ ದೊಡ್ಡದು ಅನ್ನಿಸಿದ್ದನ್ನು ನಮ್ಮ ಕಡೆ ಹಾಗೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಯೋಚಿಸಿ ಮಾಡಿದ್ದಲ್ಲ.”

ಅವರು ಮಾತಾಡಲಿಲ್ಲ. ಗಡಿಯಾರದ ಮುಳ್ಳು ಎಷ್ಟೋ ದೂರ ಹೋಯಿತು. ಬಾಯಿಬಡುಕಿ ನಾನೂ, ಅದು ಹೇಗೋ, ಸುಮ್ಮನೆ ಕೂತಿದ್ದೆ. ಶಿಕ್ಷೆ ಅನ್ನಿಸಲಿಲ್ಲ.

“ನಮ್ಮ ಹಿರಿಯರು ಅರಸರ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ. ಬಾಗುವುದು ನಮಗೆ ಗೊತ್ತಿಲ್ಲ,” ಎಂದರು ಕೊನೆಗೆ. ಒಳಗೆ ಹೋಗಿ ಪುಸ್ತಕ ತಂದು ದಿಂಬಿನ ಮೇಲಿಟ್ಟು, ಅದೇ ಪುಟ ತೆರೆದರು. “ಇನ್ನೂ ಅರ್ಧ ಪುಸ್ತಕ ನಿಮಗೆ ಬಾಕಿಯಿದೆ. ಆದರೆ ಅದನ್ನು ಎತ್ತಬೇಡಿ. ನೀವೇ ಬಗ್ಗಿ.”

ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿದೆ. ಹಳೆಯ ಕಾಗದದ ವಾಸನೆ. ನೆಟ್ಟಗಾದಾಗ ಅವರೂ ಪಕ್ಕದಲ್ಲಿ ಬಗ್ಗಿದ್ದರು. ಸುಕ್ಕುಗಟ್ಟಿದ ಅಂಗೈಯನ್ನು ಆ ಪುಟ್ಟ ಕೈಯ ಮೇಲೆ, ಕಾಗದಕ್ಕೆ ತಾಗದಂತೆ, ಹಿಡಿದಿದ್ದರು.