ಮಂಗಳವಾರ ಮುಗಿದ ರಜೆ

ಐ.ಡಿ.ಹಳ್ಳಿ ಪಕ್ಕದ ನಮ್ಮೂರಲ್ಲಿ, ನಮ್ಮ ಮನೇಲಿ ಮೂರೇ ಜನ: ನನ್ನನ್ನ ಸಾಕಿದ ಅಮ್ಮಮ್ಮ, ಅಂದ್ರೆ ನಮ್ಮ ಅಜ್ಜಿ, ಮಾಮ ಮತ್ತೆ ನಾನು. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನ ಮನೆಯಿಂದ ಕಳಿಸಿದರೆ ಲಕ್ಷ್ಮಿನೂ ಹಿಂದೆನೇ ಹೊರಟುಬಿಡ್ತಾಳೆ ಅಂತ ಅಜ್ಜಿ ನಂಬಿಕೆ. ‘ಲಕ್ಷ್ಮಿ ಬಂದಿದ್ದು ಯಾವಾಗ ಅಜ್ಜಿ?’ ಅಂತ ಒಂದ್ಸಲ ಕೇಳಿದ್ದಕ್ಕೆ ಸೌಟು ಎತ್ತಿದ್ದಳು.

ಅಂಥ ಮನೆಯಿಂದ ನಾನು ಸೈನ್ಯ ಸೇರಿದೆ. ಅದೂ ಮಿಲಿಟರಿ ಪೊಲೀಸಿಗೆ, ತಪ್ಪು ಮಾಡೋ ಸೈನಿಕರನ್ನ ಹಿಡಿಯೋ ಕೆಲಸಕ್ಕೆ! ತರಬೇತೀಲಿ ನಮಗೆ ಕಾನೂನು ಹೇಳಿಕೊಡ್ತಿದ್ದ ಹವಾಲ್ದಾರು ಬೆಳಗಾವಿ ಕಡೆಯವರು. ಉಸ್ತಾದ್ ಅಂತ ಕರೀತಿದ್ವಿ. ‘ರಜಾ ಮುಗಿದ ಮ್ಯಾಲೆ ಒಂದು ನಿಮಿಷ ತಡಾ ಆದ್ರೂ ಅಪರಾಧ. ಗುರುತಿನ ಚೀಟಿ ಕಳಕೊಂಡ್ರ ಇನ್ನೂ ದೊಡ್ಡ ಅಪರಾಧ. ಅಜ್ಜಿ ಸತ್ತಳು ಅಂತ ಅಳಕೋತ ಬರಬ್ಯಾಡ್ರಿ. ಇಲ್ಲಿ ಒಬ್ಬೊಬ್ಬರಿಗೆ ಐದೈದು ಅಜ್ಜಿ ಸತ್ತಾರ’ ಅಂತಿದ್ದರು.

ಮೊದಲ ರಜೆ ಮುಗಿಯೋದು ಮಂಗಳವಾರ ಸಂಜೆಗೆ ಬಿತ್ತು. ಬುಧವಾರ ಬೆಳಿಗ್ಗೆ ಗುಂಡು ಹಾರಿಸೋ ಪರೀಕ್ಷೆ. ಸರಿಯಾದ ಕಾರಣ ಇಲ್ಲದೆ ಅದನ್ನ ತಪ್ಪಿಸಿಕೊಂಡರೆ ನಮ್ಮ ನಂತರ ಸೇರಿದ ಕಿರಿಯ ಬ್ಯಾಚಿಗೆ ತಳ್ಳುತ್ತಾರೆ, ನನ್ನ ಜೊತೆಯವರು ಪ್ರಮಾಣ ಮಾಡೋ ಪರೇಡಿನಲ್ಲಿ ನಾನಿರೋದಿಲ್ಲ. ಆ ಪರೇಡ್ ನೋಡೋಕೆ ಅಜ್ಜಿ ಸೀರೆ ತೆಗೆದಿಟ್ಟು, ಊರಿಗೆಲ್ಲ ಡಂಗುರ ಹೊಡೆದಿದ್ದಳು.

‘ಮಂಗಳವಾರ ಕಳ್ಸಕ್ಕಾಗಕಿಲ್ಲ’ ಅಂದಳು. ನಾನು ಹಟ ಹಿಡಿದೆ. ಕೊನೆಗೆ ಅವಳೇ ಉಪಾಯ ಹುಡುಕಿದಳು, ಪರಸ್ಥಾನ. ಅಂದ್ರೆ ಹಿಂದಿನ ದಿನವೇ ಚೀಲ ಒಯ್ದು ಪಕ್ಕದ ಮನೇಲಿ ಇಡೋದು. ಚೀಲ ಹೋಯ್ತು ಅಂದ್ರೆ ಆಳೂ ಹೋದಂಗೆ ಲೆಕ್ಕ. ಸೋಮವಾರ ಸಂಜೆ ಪಕ್ಕದ ದೊಡ್ಡಮ್ಮನ ಮನೇಲಿ ಚೀಲ ಇಟ್ಟು ಬಂದೆ. ಗುರುತಿನ ಚೀಟಿ, ರಜಾ ಚೀಟಿ ಎಲ್ಲ ಜೋಪಾನವಾಗಿ ಅದರೊಳಗೇ ಹಾಕಿದ್ದೆ. ನನ್ನಂಥ ಜಾಣೆ ಹುಡುಕಿದರೂ ಸಿಗೋದಿಲ್ಲ.

ಮಂಗಳವಾರ ಬೆಳಿಗ್ಗೆ ಕೈಬೀಸಿಕೊಂಡು ಪಕ್ಕದ ಮನೆಗೆ ಹೋದ್ರೆ, ಬಾಗಿಲಿಗೆ ಬೀಗ! ಮಗಳಿಗೆ ಹೆರಿಗೆ ನೋವು ಅಂತ ದೊಡ್ಡಮ್ಮ ನಸುಕಿನಲ್ಲೇ ಪಾವಗಡಕ್ಕೆ ಹೋಗಿಬಿಟ್ಟಿದ್ದಳು. ಫೋನ್ ಮಾಡಿದರೆ ಬೀಗ ಹಾಕಿದ ಮನೆಯೊಳಗೇ ಟ್ರಿಣ್ ಟ್ರಿಣ್ ಅನ್ನುತ್ತೆ. ಗುರುತಿನ ಚೀಟಿ ಇಲ್ಲದೆ ಹೋದರೆ ಗೇಟಿನೊಳಗೆ ಬಿಡೋದಿಲ್ಲ. ಮಾಮ ಹಾರೆ ತಂದ.

‘ಬೀಗ ಒಡೆದ್ರೆ ಕೇಸಾಗುತ್ತೆ ಮಾಮ.’

‘ಲೇ, ನಮ್ ಚೀಲ ಕಣೇ!’

‘ಚೀಲ ನಮ್ದು, ಮನೆ ಅವರ್ದು.’

ಅರ್ಧ ಕಲಿತ ಕಾನೂನು ಬಾಯಲ್ಲಿ ಕುಣೀತಿತ್ತು. ಮಾಮ ಹಾರೆ ಕೆಳಗಿಟ್ಟ. ಉಸ್ತಾದ್‌ಗೆ ಫೋನ್ ಮಾಡಿ ತಡವಾಗುತ್ತೆ ಅಂದೆ, ಕಾರಣ ಹೇಳೋಕೆ ಬಾಯೇ ಬರಲಿಲ್ಲ.

ದೊಡ್ಡಮ್ಮ ಬಂದಿದ್ದು ಬುಧವಾರ ಮಧ್ಯಾಹ್ನ. ‘ಗಂಡುಮಗ ಕಣಮ್ಮ’ ಅಂತ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅಳುತ್ತಾ ಸಕ್ಕರೆ ತಿಂದೆ. ಹೊರಡುವಾಗ ಅಜ್ಜಿ ಕಿವೀಲಿ ಹೇಳಿದಳು: ‘ನಾನ್ ಸತ್ತೋದೆ ಅಂದ್ಬುಡು. ಮಣ್ಣು ಮಾಡಿ ಬಂದೆ ಅನ್ನು. ನಂಗೇನ್ ಬೇಜಾರಿಲ್ಲ.’

‘ಆಮೇಲೆ ಪರೇಡ್ ನೋಡಕ್ಕೆ ಹೆಂಗೆ ಬರ್ತೀಯ?’

‘ಸತ್ತೋಳ ತಂಗಿ ಅಂತೀನಿ ಬುಡು.’

ಮರುದಿನ ವಿಚಾರಣೆ. ಟೋಪಿ, ಬೆಲ್ಟ್ ತೆಗೆಸಿ, ಲೆಫ್ಟ್ ರೈಟ್ ಅಂತ ನಮ್ಮ ಅಧಿಕಾರಿ ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದರು. ಬೆನ್ನಿಗೆ ಉಸ್ತಾದ್. ಯಾಕೆ ತಡ ಅಂತ ಸಾಹೇಬರು ಕೇಳಿದರು.

‘ಅಜ್ಜಿ...’ ಅಂದೆ. ಅವರ ಮುಖ ಮೆತ್ತಗಾಯಿತು. ‘ತೀರಿಕೊಂಡರಾ?’

ಹೌದು ಅಂದಿದ್ರೆ ಮುಗೀತಿತ್ತು, ಬೇರೆ ದಿನ ಪರೀಕ್ಷೆ ಕೊಡ್ತಿದ್ದರು. ಆದರೆ ಅಜ್ಜಿ ಸತ್ತಳು ಅನ್ನೋಕೆ ನಾಲಿಗೆ ಹೊರಳಲೇ ಇಲ್ಲ. ‘ಇಲ್ಲ ಸಾಬ್, ಗುಂಡುಕಲ್ಲಿನ ಥರ ಇದ್ದಾಳೆ’ ಅಂದವಳೇ ಲಕ್ಷ್ಮಿ, ಚೀಲ, ಬೀಗ ಎಲ್ಲ ಒದರಿಬಿಟ್ಟೆ. ಸಾಹೇಬರು ಕಿಟಕಿ ಕಡೆ ತಿರುಗಿ ಕೂತರು, ಭುಜ ಅಲ್ಲಾಡ್ತಿತ್ತು. ಬೆನ್ನ ಹಿಂದೆ ಉಸ್ತಾದ್‌ಗೆ ಕೆಮ್ಮೋ ಕೆಮ್ಮು. ನಗು ಮುಗಿದ ಮೇಲೆ ಸಾಹೇಬರು ಬರೆದರು: ಏಳು ದಿನ ಹೆಚ್ಚಿನ ಡ್ಯೂಟಿ, ಕಿರಿಯ ಬ್ಯಾಚು.

ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮನೇಲಿ ಹೇಳಲಿಲ್ಲ. ತನ್ನಿಂದಲೇ ಹಿಂಗಾಯ್ತು ಅಂತ ಅಜ್ಜಿ ಊಟ ಬಿಡ್ತಾಳೆ ಅಂತ ಗೊತ್ತಿತ್ತು. ಪರೇಡಿಗೆ ಆರು ವಾರ ತಡವಾಗಿ ಬನ್ನಿ ಅಂತ ಮಾತ್ರ ಫೋನಿನಲ್ಲಿ ಅಂದೆ. ಆದರೆ ಹಳೇ ತಾರೀಖಿನ ಆಹ್ವಾನದ ಕಾಗದ ಮೊದಲೇ ಅಂಚೇಲಿ ಮನೆ ಸೇರಿತ್ತು.

ನನ್ನ ಜೊತೆಯವರ ಪರೇಡಿನ ದಿನ ಅತಿಥಿಗಳಿಗೆ ಟೀ ಹಂಚೋದು ನನ್ನ ಡ್ಯೂಟಿ. ಪರೇಡ್ ಮುಗಿದು ಟೀ ತಟ್ಟೆ ಹಿಡಿದು ಹೋದರೆ ಎರಡನೇ ಸಾಲಲ್ಲಿ ಹೊಸ ಸೀರೆ ಉಟ್ಟು ಅಜ್ಜಿ! ಪಕ್ಕದಲ್ಲಿ ಮಾಮ. ಅವಳು ನನ್ನ ಕೆನ್ನೆ ಹಿಡಿದಳು.

‘ಮುಂದಿನ ಸಾಲಾಗೆ ಮೂರನೇಳು ನೀನೇ ತಾನೆ? ಎಲ್ರೂ ಒಂದೇ ಥರ ಕಾಣ್ತಿದ್ರೂ ಕಂಡುಹಿಡಿದ್ಬುಟ್ಟೆ ಕಣೇ. ಅದೇನ್ ಕೈ ಬೀಸ್ತಿದ್ದೆ! ಕಣ್ಣಾಗೆ ನೀರು ಬಂದ್ಬುಡ್ತು.’

ಮಾಮ ನೆಲ ನೋಡಿದ. ಹೂಂ ಅಂದರೆ ಆರು ವಾರದ ಮೇಲೆ ನನ್ನ ನಿಜವಾದ ಪರೇಡಿಗೆ ನನ್ನೋರು ಅಂತ ಒಬ್ಬರೂ ಬರೋದಿಲ್ಲ. ಗೊತ್ತಿದ್ದೇ ಅಂದೆ: ‘ಹೂಂ ಅಜ್ಜಿ, ನಾನೇ.’

ತಿರುಗಿದರೆ ಉಸ್ತಾದ್ ನಿಂತಿದ್ದಾರೆ. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕಥೆ ಮುಗೀತು ಅಂದುಕೊಂಡೆ. ಅವರು ಅಜ್ಜಿಗೆ ಕೈ ಮುಗಿದರು. ‘ಭಾಳ ಚಲೋ ಮಾರ್ಚ್ ಮಾಡ್ಯಾಳ್ರಿ ಅಜ್ಜಿ, ನಿಮ್ಮ ಮೊಮ್ಮಗಳು.’

ಅಜ್ಜಿ ಎರಡು ಲೋಟ ಟೀ ಕುಡಿದು, ಸಿಕ್ಕವರಿಗೆಲ್ಲ ನನ್ನನ್ನ ತೋರಿಸಿ ಬಸ್ಸು ಹತ್ತಿದಳು. ಬಸ್ಸು ಮರೆಯಾದ ಮೇಲೆ ಉಸ್ತಾದ್ ನನ್ನ ಕಡೆ ತಿರುಗಿದರು.

‘ಹಿರೇರಿಗೆ ಸುಳ್ಳು ಹೇಳಿದ್ದಕ್ಕ ಗ್ರೌಂಡಿಗೆ ಹತ್ತು ಸುತ್ತು. ನಡಿ.’

‘ನೀವೂ ಹೇಳಿದ್ರಲ್ಲ ಉಸ್ತಾದ್?’

ಅವರು ಬಗ್ಗಿ ಬೂಟಿನ ಲೇಸು ಬಿಗಿದುಕೊಂಡರು. ‘ಅದಕ್ಕ ನಾನೂ ಓಡ್ತೀನಿ.’

ಐದನೇ ಸುತ್ತಿಗೆ ಸೊಂಟ ಹಿಡಿದು ನಿಂತುಬಿಟ್ಟರು. ನಾನು ಬಿಡ್ತೀನಾ? ಕಣ್ಣೊರೆಸಿಕೊಂಡು, ನಿಂತಲ್ಲೇ ಕುಣಿಯುತ್ತಾ ಅಂದೆ: ‘ಇನ್ನೂ ಐದು ಐತೆ ಉಸ್ತಾದ್.’